ರನ್ನನ ‘ನೀರೊಳಗಿರ್ದುಂ ಬೆಮರ್ತಂ’: ಅಲಂಕಾರದ ಹೆಸರು ಹೇಳಿದ ಮೇಲೆ ಮುಂದೇನು?

ಪ್ರಶ್ನೆ: ಕನ್ನಡ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯ ಮಕ್ಕಳಿಗೆ ಕನ್ನಡ ಹೇಳಿಕೊಡುವವನು ನಾನು. ಅಲಂಕಾರ ಮತ್ತು ಛಂದಸ್ಸಿನ ಪಾಠಗಳನ್ನು ಮಕ್ಕಳು ಚೆನ್ನಾಗಿಯೇ ಕಲಿಯುತ್ತಾರೆ. ಪದ್ಯಭಾಗವೊಂದನ್ನು ಕೊಟ್ಟರೆ ಒಂದು ಮಾತ್ರೆಯ ಲಘು, ಎರಡು ಮಾತ್ರೆಯ ಗುರು ಎಂದು ಅಕ್ಷರಗಳಿಗೆ ಪ್ರಸ್ತಾರ ಹಾಕುತ್ತಾರೆ, ಗಣ ವಿಂಗಡಿಸುತ್ತಾರೆ, ಇದು ಕಂದ, ಇದು ಭಾಮಿನಿ ಎಂದು ತಡವರಿಸದೆ ಹೇಳುತ್ತಾರೆ. ‘ಅಂತೆ’, ‘ಹಾಗೆ’, ‘ವೊಲ್’ ಕಂಡೊಡನೆ ಉಪಮೆ ಎನ್ನುತ್ತಾರೆ. ಉಪಮೇಯ, ಉಪಮಾನ, ಸಮಾನಧರ್ಮ, ವಾಚಕಪದ ಎಂದು ನಾಲ್ಕನ್ನೂ ಬೇರ್ಪಡಿಸಿ, ಲಕ್ಷಣ ಬರೆದು ಸಮನ್ವಯ ಮಾಡುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಹೆಸರು ಹೇಳಿದ ಕೂಡಲೇ ಪದ್ಯದೊಂದಿಗಿನ ಅವರ ಸಂಬಂಧವೂ ಮುಗಿದುಹೋಗುತ್ತದೆ ಎನ್ನುವುದು ನನ್ನ ಚಿಂತೆ.

ಒಂದು ಉದಾಹರಣೆ ಕೊಡುತ್ತೇನೆ. ರನ್ನನ ‘ಸಾಹಸಭೀಮ ವಿಜಯ’ದ ಈ ಕಂದಪದ್ಯ ನಿಮಗೆಲ್ಲ ಬಾಯಿಗೆ ಬರುತ್ತದೆ:

ಆ ರವಮಂ ನಿರ್ಜಿತ ಕಂ
ಠೀರವರವಮಂ ನಿರಸ್ತ ಘನರವಮಂ ಕೋ
ಪಾರುಣನೇತ್ರಂ ಕೇಳ್ದಾ
ನೀರೊಳಗಿರ್ದುಂ ಬೆಮರ್ತನುರಗಪತಾಕಂ

ಯುದ್ಧದಲ್ಲಿ ಎಲ್ಲರನ್ನೂ ಕಳೆದುಕೊಂಡ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಡದಲ್ಲಿ ಭೀಮ ಗರ್ಜಿಸುತ್ತಾನೆ. ಅದನ್ನು ಕೇಳಿ ದುರ್ಯೋಧನ ನೀರಿನ ಒಳಗಿದ್ದೂ ಬೆವರುತ್ತಾನೆ. ಕೊನೆಯ ಸಾಲಿನಲ್ಲಿ ವಿರೋಧಾಭಾಸ, ಅಂದರೆ ಮೇಲ್ನೋಟಕ್ಕಷ್ಟೇ ಕಾಣುವ ವಿರೋಧ, ಇದೆ ಎಂದು ನಾನು ಹೇಳಿದೆ, ಮಕ್ಕಳು ಬರೆದುಕೊಂಡರು. ಆಮೇಲೆ ಹೇಳುವುದಕ್ಕೆ ನನ್ನ ಬಳಿ ಹೆಚ್ಚೇನೂ ಇರಲಿಲ್ಲ.

ಹಾಗಾಗಿ ಇಲ್ಲಿರುವ ಓದುಗರನ್ನು ಕೇಳುತ್ತಿದ್ದೇನೆ. ಅಲಂಕಾರ, ಪ್ರಾಸ, ಗಣ ಇವೆಲ್ಲ ಪದ್ಯದಲ್ಲಿ ನಿಜವಾಗಿ ಮಾಡುವ ಕೆಲಸವನ್ನು ಹದಿನೈದು ವರ್ಷದ ಹುಡುಗ ಹುಡುಗಿಯರಿಗೆ ಹೇಗೆ ತೋರಿಸಬಹುದು? ಅವು ಕವಿ ಹೇಳಬೇಕಾದ ಮಾತಿನ ಮೇಲೆ ತೊಡಿಸಿದ ಒಡವೆಗಳೇ ಆಗಿದ್ದರೆ ಒಡವೆಯನ್ನು ಬಿಚ್ಚಿಟ್ಟರೂ ಮಾತು ಉಳಿಯಬೇಕಲ್ಲವೆ? ಛಂದಸ್ಸನ್ನೇ ಬದಿಗಿಟ್ಟ ವಚನಕಾರರಲ್ಲಿ ಇಷ್ಟೊಂದು ಅಲಂಕಾರಗಳು ಏಕೆ ಸಿಗುತ್ತವೆ? ಪ್ರಾಸವನ್ನು ನಮ್ಮ ಹಿರಿಯರು ಅಷ್ಟು ಹಟ ಹಿಡಿದು ಪಾಲಿಸಿದ್ದಕ್ಕೆ ಕಾರಣವೇನು? ಯಾವ ಒಂದು ಪ್ರಶ್ನೆಗೆ ಉತ್ತರ ಕೊಟ್ಟರೂ ಉಪಕಾರವಾಗುತ್ತದೆ.

ಉತ್ತರ: ಗಮಕಪ್ರಿಯ

ಮೇಷ್ಟ್ರೇ, ನೀವು ಆರಿಸಿಕೊಂಡ ಪದ್ಯವೇ ನಿಮ್ಮ ಪ್ರಶ್ನೆಗೆ ಉತ್ತರವನ್ನು ಇಟ್ಟುಕೊಂಡಿದೆ. ವಿರೋಧಾಭಾಸವನ್ನು ಸದ್ಯಕ್ಕೆ ಮರೆತು ಮೊದಲು ಪದ್ಯವನ್ನು ಗಟ್ಟಿಯಾಗಿ ಓದಿಸಿ. ‘ಆ ರವಮಂ’, ‘ಕಂಠೀರವರವಮಂ’, ‘ಘನರವಮಂ’: ಎರಡು ಸಾಲು ಮುಗಿಯುವುದರೊಳಗೆ ‘ರವ’ ಎನ್ನುವುದು ನಾಲ್ಕು ಸಲ ಕಿವಿಗೆ ಬೀಳುತ್ತದೆ. ಅದರಲ್ಲಿ ಎರಡು ಸಲ ಒಂದಕ್ಕೊಂದು ಅಂಟಿಕೊಂಡು ಬರುತ್ತದೆ. ಕಂಠೀರವ ಎಂಬ ಸಿಂಹದ ಹೆಸರಿನ ಕೊನೆಯೂ ಅದರ ಗರ್ಜನೆಯ ಮೊದಲೂ ಒಂದೇ ಸದ್ದಾಗಿ ಮಾರ್ದನಿಗೊಡುತ್ತವೆ. ಇದನ್ನು ಶಬ್ದಾಲಂಕಾರ ಎಂದು ಕರೆದು ಮುಂದೆ ಹೋಗಬಹುದು. ಆದರೆ ಇಲ್ಲಿ ನಡೆಯುತ್ತಿರುವುದೇನೆಂದರೆ, ಭೀಮನ ಗರ್ಜನೆ ಹೇಗಿತ್ತು ಎಂಬುದನ್ನು ಕವಿ ಹೇಳುವುದರ ಜೊತೆಗೆ ಓದುವವರ ಬಾಯಲ್ಲೇ ಅದನ್ನು ಹುಟ್ಟಿಸುತ್ತಿದ್ದಾನೆ. ಮಕಾರದ ಮೇಲಿನ ಬಿಂದು ಮೂರು ಸಲವೂ ಆ ಸದ್ದನ್ನು ಗುಂಯ್‌ಗುಡಿಸುತ್ತದೆ.

ಇನ್ನು ಅರ್ಥದ ಕಡೆ. ಆ ದನಿ ಸಿಂಹದ ಗರ್ಜನೆಯಂತಿತ್ತು, ಗುಡುಗಿನಂತಿತ್ತು ಎಂದಿದ್ದರೆ ಉಪಮೆಯಾಗುತ್ತಿತ್ತು. ರನ್ನ ಹಾಗೆ ಹೇಳುವುದಿಲ್ಲ. ಸಿಂಹದ ದನಿಯನ್ನು ಗೆದ್ದ, ಮೋಡದ ದನಿಯನ್ನು ಓಡಿಸಿದ ರವ ಎನ್ನುತ್ತಾನೆ. ಉಪಮೇಯವು ಉಪಮಾನವನ್ನು ಮೀರಿದರೆ ಅದು ವ್ಯತಿರೇಕ ಎಂದು ಮಕ್ಕಳು ಓದಿರುತ್ತಾರೆ. ಇಲ್ಲಿ ವ್ಯತಿರೇಕವೇ ಏಕೆ ಬೇಕಾಯಿತು ಎಂದು ಅವರನ್ನು ಕೇಳಿ ನೋಡಿ. ದುರ್ಯೋಧನನ ಬಳಿಗೆ ಬರುವ ಮೊದಲೇ ಆ ದನಿ ದಾರಿಯಲ್ಲಿ ಇಬ್ಬರನ್ನು ಸೋಲಿಸಿ ಬಂದಿದೆ. ಮೂರನೆಯವನ ಗತಿ ಏನಾಗಬಹುದು ಎಂಬ ನಿರೀಕ್ಷೆ ನಮ್ಮಲ್ಲಿ ಆಗಲೇ ಹುಟ್ಟಿರುತ್ತದೆ. ‘ನಿರ್ಜಿತ’, ‘ನಿರಸ್ತ’ ಎಂಬ ಎರಡೂ ಪದಗಳು ಯುದ್ಧದ ಪದಗಳು ಎನ್ನುವುದನ್ನೂ ಗಮನಿಸಬೇಕು.

ಪದಗಳ ಸರದಿಯನ್ನೂ ನೋಡಿ. ಇಡೀ ಪದ್ಯ ಒಂದೇ ವಾಕ್ಯ. ಮೊದಲು ಬರುವುದು ಕೇಳಿಸಿದ ಸದ್ದು, ನಂತರ ಕೆಂಪಾದ ಕಣ್ಣು, ನಂತರ ನೀರು, ನಂತರ ಬೆವರು, ಎಲ್ಲಕ್ಕಿಂತ ಕೊನೆಗೆ ಬೆವರಿದವನು. ಕರ್ತೃಪದ ಪದ್ಯದ ಕಟ್ಟಕಡೆಯಲ್ಲಿ ಅಡಗಿ ಕೂತಿದೆ. ಕಥೆಯಲ್ಲಿ ಅವನು ಅಡಗಿರುವಂತೆಯೇ.

ಪ್ರಸ್ತಾರದ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಏಕೆಂದರೆ ಮಕ್ಕಳು ಅದನ್ನು ಬರೀ ಲೆಕ್ಕವೆಂದು ತಿಳಿದುಬಿಡುತ್ತಾರೆ. ಕಂದದ ಪೂರ್ವಾರ್ಧ, ಉತ್ತರಾರ್ಧ ಎರಡರಲ್ಲೂ ಆರನೆಯ ಗಣ ಜಗಣವಾಗಿರಬೇಕು ಇಲ್ಲವೇ ಸರ್ವಲಘುವಾಗಿರಬೇಕು ಎಂಬ ನಿಯಮವಿದೆಯಲ್ಲ, ಆ ಜಾಗದಲ್ಲಿ ಇಲ್ಲಿ ಏನಿದೆ ಎಂದು ಗುರುತು ಹಾಕಿಸಿ. ಎರಡನೆಯ ಸಾಲಿನಲ್ಲಿ ‘ನಿರಸ್ತ’, ನಾಲ್ಕನೆಯ ಸಾಲಿನಲ್ಲಿ ‘ಬೆಮರ್ತ’. ಎರಡೂ ಲಘು, ಗುರು, ಲಘು. ಅದರ ಮುಂದಿನ ಗಣವೂ ಎರಡು ಸಾಲುಗಳಲ್ಲಿ ಒಂದೇ ಬಗೆ: ‘ಘನರವ’ ಎಂಬಲ್ಲಿ ನಾಲ್ಕು ಲಘು, ‘ನುರಗಪ’ ಎಂಬಲ್ಲಿ ನಾಲ್ಕು ಲಘು. ಅಂದರೆ ಮೋಡದ ಗುಡುಗು ಓಡಿಹೋದ ಲಯದಲ್ಲೇ ಹಾವಿನ ಬಾವುಟದ ಅರಸ ಬೆವರುತ್ತಾನೆ. ರನ್ನ ಇದನ್ನು ಬೇಕೆಂದೇ ಮಾಡಿದನೋ, ಕಂದದ ಮೇಲಿನ ಹಿಡಿತದಿಂದ ತಾನಾಗಿ ಒದಗಿ ಬಂತೋ ಎಂಬ ಚರ್ಚೆ ನನಗೆ ಮುಖ್ಯವಲ್ಲ. ವಾಚನ ಮಾಡುವಾಗ ಆ ಎರಡು ಕಡೆ ದನಿ ತಾನಾಗಿಯೇ ಒಂದೇ ರೀತಿ ಮುರಿದು ಏಳುತ್ತದೆ, ಕೇಳುವವರಿಗೆ ಅದು ತಟ್ಟುತ್ತದೆ.

ಒಡವೆಯನ್ನು ಬಿಚ್ಚಿಟ್ಟರೆ ಮಾತು ಉಳಿಯಬೇಕಲ್ಲವೆ ಎಂದು ಕೇಳಿದಿರಿ. ‘ಭೀಮನ ಕೂಗು ಕೇಳಿ ದುರ್ಯೋಧನ ನೀರಲ್ಲಿದ್ದರೂ ಬೆವರಿದ’ ಎಂದು ಬರೆದು ಪಕ್ಕದಲ್ಲಿಟ್ಟು ನೋಡಿ. ಸುದ್ದಿ ಉಳಿಯಿತು. ಗರ್ಜನೆ ಹೋಯಿತು, ಅದು ದಾರಿಯಲ್ಲಿ ಗೆದ್ದುದು ಹೋಯಿತು, ಅವನನ್ನು ನಾವು ಕಟ್ಟಕಡೆಗೆ ಕಾಣುವುದೂ ಹೋಯಿತು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ: ಕನ್ನಡ ಮೇಷ್ಟ್ರು

‘ನಿರಸ್ತ’ ಮತ್ತು ‘ಬೆಮರ್ತ’ ಒಂದೇ ಗಣದಲ್ಲಿ ನಿಂತಿರುವುದನ್ನು ಈಗಷ್ಟೇ ಪ್ರಸ್ತಾರ ಹಾಕಿ ನೋಡಿದೆ. ತುಂಬಾ ಸಂತೋಷವಾಯಿತು. ಒಂದು ಅನುಮಾನ ಮಾತ್ರ ಉಳಿದಿದೆ. ವಿರೋಧಾಭಾಸ ಎಂದ ಮೇಲೆ ವಿರೋಧವನ್ನು ಪರಿಹರಿಸಬೇಕು. ನೀರಿನಲ್ಲಿದ್ದೂ ಬೆವರಿದ್ದು ಹೇಗೆ ಎಂದರೆ ಕೋಪದಿಂದ ಎಂದು ಕೆಲವರು, ಭಯದಿಂದ ಎಂದು ಕೆಲವರು ಹೇಳುತ್ತಾರೆ. ಮಕ್ಕಳಿಗೆ ಯಾವುದನ್ನು ಹೇಳಬೇಕು?

ಉತ್ತರ: ಗಮಕಪ್ರಿಯ

‘ಕೋಪಾರುಣನೇತ್ರಂ’ ಎಂದು ಕವಿಯೇ ಹೇಳಿದ್ದಾನೆ, ಆದ್ದರಿಂದ ಕೋಪವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಭಯ ಎಂಬ ಪದ ಪದ್ಯದಲ್ಲಿ ಎಲ್ಲಿಯೂ ಇಲ್ಲ. ಆದರೆ ಬೆವರು ಎಂಬುದು ನಮ್ಮ ಕಾವ್ಯಶಾಸ್ತ್ರದಲ್ಲಿ ಎಂಟು ಸಾತ್ತ್ವಿಕ ಭಾವಗಳಲ್ಲಿ ಒಂದು. ಭರತನು ಸ್ವೇದಕ್ಕೆ ಕ್ರೋಧವನ್ನೂ ಕಾರಣವೆನ್ನುತ್ತಾನೆ, ಭಯವನ್ನೂ ಕಾರಣವೆನ್ನುತ್ತಾನೆ. ಕಣ್ಣಿನ ಕೆಂಪಿಗೆ ಕಾರಣ ಹೇಳಿದ ಕವಿ ಬೆವರಿಗೆ ಕಾರಣ ಹೇಳದೆ ಬಿಟ್ಟಿದ್ದಾನೆ. ಆ ಬಿಟ್ಟ ಜಾಗದಲ್ಲಿ ಧ್ವನಿ, ಅಂದರೆ ಹೇಳದೆ ಸೂಚಿಸುವ ಅರ್ಥ, ಇದೆ. ದುರ್ಯೋಧನ ತನಗೆ ಕೋಪ ಬಂದಿದೆ ಎಂದೇ ತಿಳಿದಿರಬಹುದು, ಅವನ ಮೈ ಮಾತ್ರ ಇನ್ನೊಂದನ್ನೂ ಬಲ್ಲುದು ಎಂದು ನಾನು ಓದಿಕೊಳ್ಳುತ್ತೇನೆ. ಮಕ್ಕಳಿಗೆ ಒಂದನ್ನು ಆರಿಸಿ ಕೊಡಬೇಡಿ ಎಂಬುದು ನನ್ನ ಪ್ರಾರ್ಥನೆ. ಎರಡೂ ಪಕ್ಷಗಳನ್ನು ಅವರೇ ವಾದಿಸಲಿ, ಪ್ರತಿ ಪಕ್ಷಕ್ಕೂ ಪದ್ಯದಲ್ಲಿನ ಪದವನ್ನೇ ಸಾಕ್ಷಿಯಾಗಿ ತೋರಿಸಲಿ.

ಕೌರವ, ಕುರುಪತಿ ಎಂಬ ಹೆಸರುಗಳೆಲ್ಲ ಇದ್ದರೂ ಇಲ್ಲಿ ‘ಉರಗಪತಾಕಂ’ ಎಂದೇ ಕರೆದದ್ದೂ ಸುಮ್ಮನೆ ಅಲ್ಲ. ಹಾವು ಅಡಗುತ್ತದೆ, ಹಾವು ಸಿಟ್ಟಿನಿಂದ ಬುಸುಗುಡುತ್ತದೆ. ಭಯ ಮತ್ತು ಕೋಪ ಎರಡಕ್ಕೂ ಅದು ಒದಗುವ ಹೆಸರು.

ಉತ್ತರ: ವಚನದ ಓದುಗಳು

ಗಮಕಪ್ರಿಯರ ವಿವರಣೆಯನ್ನು ಓದಿ ಮನಸ್ಸು ತುಂಬಿತು. ಆದರೂ ಒಂದು ಭಿನ್ನಾಭಿಪ್ರಾಯ ಇದೆ. ಪದ್ಯದ ಶಕ್ತಿಯನ್ನೆಲ್ಲ ಗಣ, ಪ್ರಾಸಗಳ ಜೊತೆಗೆ ಕಟ್ಟಿಬಿಟ್ಟರೆ ವಚನಕಾರರ ಬಗ್ಗೆ ಮೇಷ್ಟ್ರು ಕೇಳಿದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ‘ತಾಳಮಾನ ಸರಿಸಮವನರಿಯೆ, ಓಜೆ ಬಜಾವಣೆ ಲೆಕ್ಕವನರಿಯೆ, ಅಮೃತಗಣ ದೇವಗಣವನರಿಯೆ’ ಎಂದವರು ಬಸವಣ್ಣನವರು. ಕೂಡಲಸಂಗಮದೇವನಿಗೆ ಕೇಡಿಲ್ಲವಾದ್ದರಿಂದ ತಾನು ಒಲಿದಂತೆ ಹಾಡುವೆ ಎಂದು ಆ ವಚನ ಮುಗಿಯುತ್ತದೆ. ಗಣದ ಲೆಕ್ಕವನ್ನು ಹೀಗೆ ಬದಿಗಿಟ್ಟವರು ಉಪಮೆ, ರೂಪಕಗಳನ್ನು ಮಾತ್ರ ಬಿಡಲಿಲ್ಲ. ಬಿಡದಿರುವುದಕ್ಕೆ ಕಾರಣ, ಅವರಿಗೆ ಅವು ಒಡವೆಗಳಾಗಿರಲಿಲ್ಲ, ವಾದ ಮಾಡುವ ದಾರಿಗಳಾಗಿದ್ದವು.

ಎಲ್ಲರಿಗೂ ಗೊತ್ತಿರುವ ವಚನವನ್ನೇ ತೆಗೆದುಕೊಳ್ಳುತ್ತೇನೆ. ‘ಉಳ್ಳವರು ಶಿವಾಲಯವ ಮಾಡುವರು, ನಾನೇನ ಮಾಡುವೆ ಬಡವನಯ್ಯಾ. ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಸವಯ್ಯಾ.’ ಇದು ರೂಪಕ ಎಂದು ಮಕ್ಕಳು ಹೇಳುತ್ತಾರೆ. ಇದನ್ನು ಉಪಮೆಯಾಗಿ ಬದಲಿಸಿ ಬರೆಯಲು ಹೇಳಿ: ನನ್ನ ಕಾಲು ಕಂಬದಂತೆ, ದೇಹ ದೇಗುಲದಂತೆ, ಶಿರ ಹೊನ್ನ ಕಳಸದಂತೆ. ವ್ಯಾಕರಣದ ದೃಷ್ಟಿಯಿಂದ ಯಾವ ದೋಷವೂ ಇಲ್ಲ. ವಚನ ಮಾತ್ರ ಕುಸಿದುಬಿತ್ತು. ‘ಅಂತೆ’ ಎಂದೊಡನೆ ಕಲ್ಲಿನ ದೇಗುಲವೇ ಅಳತೆಗೋಲಾಗಿ ಮೇಲೆ ನಿಲ್ಲುತ್ತದೆ, ಬಡವನ ಮೈ ಅದಕ್ಕೆ ಸರಿಗಟ್ಟಲು ಹೊರಟ ಎರಡನೆಯ ದರ್ಜೆಯ ವಸ್ತುವಾಗುತ್ತದೆ. ಅಂಥ ಮೈಯನ್ನು ಮುಂದಿಟ್ಟುಕೊಂಡು ‘ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ’ ಎಂದು ಮುಗಿಸುವ ಅಧಿಕಾರ ಕವಿಗೆ ಉಳಿಯುವುದಿಲ್ಲ. ‘ಕಾಲೇ’, ‘ದೇಹವೇ’, ‘ಶಿರವೇ’ ಎಂಬ ಮೂರು ಏಕಾರಗಳು ಭೇದವನ್ನು ಅಳಿಸಿಹಾಕಿದ್ದರಿಂದಲೇ ಕೊನೆಯ ಸಾಲಿಗೆ ಆ ಬಲ ಬಂದಿದೆ. ಕಾಲಿನಿಂದ ಶಿರದವರೆಗೆ ಸಾಗುವ ಆ ಸರದಿಯೂ ದೇಗುಲವನ್ನು ನೆಲದಿಂದ ಕಳಸದವರೆಗೆ ಕಟ್ಟುವ ಸರದಿಯೇ. ಉಳ್ಳವರು ಶಿವಾಲಯ ಮಾಡುವರು ಎಂಬ ಮಾತಿನಲ್ಲಿ ಹೊನ್ನಿನ ಸುದ್ದಿ ಇಲ್ಲ. ಹೊನ್ನು ಕಾಣಿಸಿಕೊಳ್ಳುವುದು ಬಡವನ ತಲೆಯ ಮೇಲೆ. ಈ ವಚನವನ್ನು ಎಷ್ಟು ಬಾರಿ ಓದಿದರೂ ನನಗೆ ಆ ಪದದ ಹತ್ತಿರ ನಿಲ್ಲಬೇಕೆನಿಸುತ್ತದೆ.

ಹಾಗಾದರೆ ಉಪಮೆ ದುರ್ಬಲವೇ ಎಂದು ಕೇಳಿದರೆ, ಖಂಡಿತ ಅಲ್ಲ. ಅದೇ ಬಸವಣ್ಣನವರು ‘ನುಡಿದರೆ ಮುತ್ತಿನ ಹಾರದಂತಿರಬೇಕು, ನುಡಿದರೆ ಮಾಣಿಕ್ಯದ ದೀಪ್ತಿಯಂತಿರಬೇಕು, ನುಡಿದರೆ ಸ್ಫಟಿಕದ ಸಲಾಕೆಯಂತಿರಬೇಕು’ ಎನ್ನುವಾಗ ಉಪಮೆಯೇ ಬೇಕು, ರೂಪಕ ನಡೆಯದು. ಅಲ್ಲಿ ನುಡಿ ಹಾಗೆ ಇದೆ ಎಂಬ ಮಾತಿಲ್ಲ, ಹಾಗಿರಬೇಕು ಎಂಬ ಹಂಬಲವಿದೆ. ಇರುವ ನುಡಿಗೂ ಇರಬೇಕಾದ ನುಡಿಗೂ ನಡುವಿನ ದೂರವನ್ನು ‘ಅಂತೆ’ ಎಂಬ ಪದ ಕಾಪಾಡುತ್ತದೆ. ಸಮಾನಧರ್ಮವನ್ನು ಮೂರು ಕಡೆಯೂ ಹೇಳಿಲ್ಲ, ಆದ್ದರಿಂದ ಲುಪ್ತೋಪಮೆ. ಹಾರದಲ್ಲಿ ಮುತ್ತುಗಳು ಒಂದರ ಪಕ್ಕ ಒಂದು ಪೋಣಿಸಿಕೊಂಡಿರುವ ಅಚ್ಚುಕಟ್ಟು, ಮಾಣಿಕ್ಯದಲ್ಲಿ ಒಳಗಿನಿಂದ ಬರುವ ಬೆಳಕು, ಸ್ಫಟಿಕದ ಸಲಾಕೆಯಲ್ಲಿ ಆಚೆಯದು ಕಾಣುವ ತಿಳಿ ಮತ್ತು ಬಾಗದ ನೇರ: ಮೂರೂ ಬೇರೆ ಬೇರೆ ಗುಣಗಳು. ಅವನ್ನು ಹುಡುಕುವ ಕೆಲಸವನ್ನು ಕವಿ ನಮಗೆ ಬಿಟ್ಟಿದ್ದಾರೆ. ನಾಲ್ಕನೆಯ ಸಾಲಿಗೆ ಬಂದಾಗ ಉಪಮಾನವೇ ಇಲ್ಲ, ‘ಲಿಂಗ ಮೆಚ್ಚಿ ಅಹುದಹುದೆನಬೇಕು’ ಎಂದಷ್ಟೇ ಇದೆ.

ಹೀಗೆ ನೋಡಿದರೆ ಸಾದೃಶ್ಯದ ಅಲಂಕಾರಗಳ ನಡುವಿನ ವ್ಯತ್ಯಾಸ ಬರೀ ವಾಚಕಪದದ ವ್ಯತ್ಯಾಸವಲ್ಲ. ಎರಡು ವಸ್ತುಗಳ ನಡುವೆ ಕವಿ ಎಷ್ಟು ಅಂತರ ಉಳಿಸುತ್ತಾನೆ ಎಂಬುದೇ ಮುಖ್ಯ. ಉಪಮೆಯಲ್ಲಿ ಎರಡೂ ಬೇರೆಬೇರೆಯಾಗಿ ಉಳಿಯುತ್ತವೆ. ಉತ್ಪ್ರೇಕ್ಷೆಯಲ್ಲಿ ಒಂದನ್ನು ಇನ್ನೊಂದೋ ಎಂಬಂತೆ ಸಂಭಾವಿಸುತ್ತೇವೆ. ರೂಪಕದಲ್ಲಿ ಒಂದೇ ಎನ್ನುತ್ತೇವೆ, ಆದರೆ ಎರಡರ ಹೆಸರನ್ನೂ ಹೇಳುತ್ತೇವೆ. ಇನ್ನೂ ಒಂದು ಹೆಜ್ಜೆ ಮುಂದಿಟ್ಟರೆ ಉಪಮಾನವು ಉಪಮೇಯವನ್ನು ನುಂಗಿಬಿಡುತ್ತದೆ. ಶಾಸ್ತ್ರಕಾರರು ಅದನ್ನು ಅತಿಶಯೋಕ್ತಿಯ ಒಂದು ಬಗೆಯೆಂದು ಎಣಿಸಿದ್ದಾರೆ. ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ?’ ಎಂಬ ಪದ್ಯದಲ್ಲಿ ಆಗಿರುವುದು ಹಾಗೆಯೇ. 1932ರಲ್ಲಿ ‘ಗರಿ’ ಸಂಕಲನದಲ್ಲಿ ಬಂದ ಆ ಕವಿತೆಯ ಹಕ್ಕಿ ಕಾಲ ಎಂದು ನಾವೆಲ್ಲ ಶಾಲೆಯಲ್ಲೇ ಕಲಿತೆವು. ಕವಿ ‘ಕಾಲಪಕ್ಷಿ’ ಎಂದು ಜೋಡಿಸಿ ಹೇಳಿಬಿಟ್ಟಿದ್ದರೆ ಮೊದಲ ಸಾಲಿನಲ್ಲೇ ಬಿಡಿಸಿಕೊಂಡು ಮುಂದೆ ಹೋಗುತ್ತಿದ್ದೆವು. ಹೇಳದಿರುವುದರಿಂದ, ಎವೆ ತೆರೆದು ಮುಚ್ಚುವಷ್ಟರಲ್ಲಿ ಗಾವುದ ಗಾವುದ ಹಾರುವ ಇದು ಎಂಥ ಹಕ್ಕಿ ಎಂದು ಪ್ರತಿ ಚರಣದಲ್ಲೂ ಕತ್ತೆತ್ತಿ ನೋಡಬೇಕಾಗುತ್ತದೆ. ‘ನೋಡಿದಿರಾ?’ ಎಂಬ ಪಲ್ಲವಿಯ ಪ್ರಶ್ನೆ ಆಗ ನಿಜವಾದ ಪ್ರಶ್ನೆಯಾಗುತ್ತದೆ.

ದೃಷ್ಟಾಂತ ಎಂಬ ಅಲಂಕಾರಕ್ಕೆ ಅಕ್ಕಮಹಾದೇವಿಯವರ ‘ಬೆಟ್ಟದ ಮೇಲೊಂದು ಮನೆಯ ಮಾಡಿ’ ವಚನವನ್ನು ಕೊಡಿ. ಬೆಟ್ಟದ ಮನೆಗೆ ಮೃಗಗಳು, ಸಮುದ್ರದ ತಡಿಯ ಮನೆಗೆ ನೊರೆತೆರೆಗಳು, ಸಂತೆಯ ಮನೆಗೆ ಶಬ್ದ. ಮೂರನೆಯ ಮನೆಗೆ ಬರುವ ಹೊತ್ತಿಗೆ ನಿಸರ್ಗವನ್ನು ಬಿಟ್ಟು ಜನರ ನಡುವೆ ಬಂದಿರುತ್ತೇವೆ. ಅಲ್ಲಿಂದ ಸ್ತುತಿನಿಂದೆಗಳ ಲೋಕಕ್ಕೆ ಒಂದೇ ಹೆಜ್ಜೆ. ಸಂತೆಯನ್ನು ಮೊದಲಿಗೆ ತಂದು ಬೆಟ್ಟವನ್ನು ಕೊನೆಗೆ ಹಾಕಿ ಓದಿಸಿ ನೋಡಿ, ಆ ಹೆಜ್ಜೆ ತಪ್ಪುವುದು ಮಕ್ಕಳಿಗೇ ತಿಳಿಯುತ್ತದೆ.

ಉತ್ತರ: ಕರಾವಳಿಯ ಓದುಗ

ಪ್ರಾಸದ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಅದನ್ನಷ್ಟೇ ಹಿಡಿದುಕೊಳ್ಳುತ್ತೇನೆ.

ಇಂದಿನ ಮಕ್ಕಳಿಗೆ ಪ್ರಾಸ ಎಂದರೆ ಸಾಲಿನ ಕೊನೆಯಲ್ಲಿ ಬರುವುದು. ಹಳಗನ್ನಡ, ನಡುಗನ್ನಡ ಕಾವ್ಯಗಳ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿದೆ. ಮೊದಲು ಈ ವ್ಯತ್ಯಾಸವನ್ನು ಕಿವಿಗೆ ಹಿಡಿಸಬೇಕು. 9ನೆಯ ಶತಮಾನದ ‘ಕವಿರಾಜಮಾರ್ಗ’ದ ಈ ಕಂದವನ್ನು ಎಲ್ಲರೂ ರಾಜ್ಯೋತ್ಸವದ ಭಾಷಣಗಳಲ್ಲಿ ಕೇಳಿರುತ್ತಾರೆ, ಪ್ರಾಸಕ್ಕಾಗಿ ಕೇಳಿರುವವರು ಕಡಿಮೆ:

ಕಾವೇರಿಯಿಂದಮಾ ಗೋ
ದಾವರಿವರಮಿರ್ದ ನಾಡದಾ ಕನ್ನಡದೊಳ್
ಭಾವಿಸಿದ ಜನಪದಂ ವಸು
ಧಾವಳಯವಿಲೀನವಿಶದವಿಷಯವಿಶೇಷಂ

ಕಾವೇ, ದಾವ, ಭಾವಿ, ಧಾವ. ನಾಲ್ಕು ಸಾಲಿನ ಎರಡನೆಯ ಅಕ್ಷರವೂ ವಕಾರ, ಅದರ ಹಿಂದಿನ ಅಕ್ಷರ ನಾಲ್ಕು ಕಡೆಯೂ ದೀರ್ಘ. ನಾಗವರ್ಮನ ‘ಛಂದೋಂಬುಧಿ’ಯ ಪರಂಪರೆ ಆರು ಪ್ರಾಸಗಳನ್ನು ಪ್ರಾಣಿಗಳ ಹೆಸರಿನಿಂದ ಕರೆಯುತ್ತದೆ, ಹೀಗೆ ದೀರ್ಘದ ಮುಂದೆ ಬಂದರೆ ಗಜಪ್ರಾಸ, ಹ್ರಸ್ವದ ಮುಂದೆ ಬಂದರೆ ಸಿಂಹಪ್ರಾಸ, ಬಿಂದುವಿನ ಮುಂದೆ ಬಂದರೆ ವೃಷಭಪ್ರಾಸ. ಮೇಷ್ಟ್ರು ಕೊಟ್ಟ ರನ್ನನ ಪದ್ಯವೂ ಗಜಪ್ರಾಸದ್ದೇ. ಆದರೆ ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆಯ ಸಂಗತಿ. ನಾಡಿನ ಎರಡು ಗಡಿಗಳಾದ ಕಾವೇರಿ, ಗೋದಾವರಿ ಎಂಬ ನದಿಗಳ ಹೆಸರಿನಲ್ಲೇ ‘ಆವ’ ಎಂಬ ಸದ್ದು ಅಡಗಿರುವುದನ್ನು ಕವಿಯ ಕಿವಿ ಕಂಡುಹಿಡಿದಿದೆ. ಪ್ರಾಸ ಆ ಎರಡು ದಡಗಳನ್ನು ಕಟ್ಟಿದ ಮೇಲೆ ನಡುವಿನ ಜನಪದ ಒಂದು ನಾಡಾಗಿ ಕೇಳಿಸುತ್ತದೆ.

ಗೋದಾವರಿ ಎಂಬ ಹೆಸರು ಮೊದಲ ಸಾಲಿನ ಕೊನೆಯಲ್ಲಿ ಮುರಿದು ಎರಡನೆಯ ಸಾಲಿನಲ್ಲಿ ಮುಗಿದಿರುವುದನ್ನೂ ತೋರಿಸಿ. ‘ವಸುಧಾವಳಯ’ವೂ ಹಾಗೆಯೇ ಒಡೆದಿದೆ. ಮೇಷ್ಟ್ರ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದು ನನ್ನ ನಂಬಿಕೆ. ಸಂಸ್ಕೃತ ಕವಿಗಳು ಯತಿಸ್ಥಾನವನ್ನು, ಅಂದರೆ ಪದ್ಯದಲ್ಲಿ ಉಸಿರು ನಿಲ್ಲಿಸುವ ಜಾಗವನ್ನು, ಕಟ್ಟುನಿಟ್ಟಾಗಿ ಪಾಲಿಸಿದರು, ಪದ ಎಲ್ಲೆಂದರಲ್ಲಿ ಮುರಿಯಲಿಲ್ಲ. ಕನ್ನಡದ ಕವಿಗಳು ಪ್ರಾಸವೇ ಅತಿಶಯವೆಂದು ಬಗೆದು ಯತಿಯನ್ನು ಮೀರಿದರು ಎಂದು ಕವಿರಾಜಮಾರ್ಗವೇ ಹೇಳುತ್ತದೆ. ಪದ ಒಂದು ಸಾಲಿನಿಂದ ಇನ್ನೊಂದಕ್ಕೆ ಹರಿಯುತ್ತದೆ. ಓಲೆಗರಿಯಲ್ಲಿ ಪದ್ಯವನ್ನು ಸಾಲು ಒಡೆಯದೆ ಒಂದೇ ಸಮನೆ ಬರೆಯುತ್ತಿದ್ದರು. ಸಭೆಯಲ್ಲಿ ಕೂತು ಕೇಳುವವರ ಮುಂದೆ ಓಲೆಯೂ ಇಲ್ಲ. ಹೊಸ ಸಾಲು ಎಲ್ಲಿ ಆರಂಭವಾಯಿತು ಎಂದು ಅವರಿಗೆ ತಿಳಿಯುವುದು ಹೇಗೆ? ಎರಡನೆಯ ಅಕ್ಷರದಲ್ಲಿ ಮರಳಿ ಬರುವ ಆ ವ್ಯಂಜನದಿಂದ. ಅರ್ಥವನ್ನು ಹರಿಯಲು ಬಿಟ್ಟು ಲಯದ ಗುರುತನ್ನು ಪ್ರಾಸಕ್ಕೆ ವಹಿಸಿಕೊಟ್ಟಿದ್ದರಿಂದಲೇ ನಮ್ಮ ಕವಿಗಳಿಗೆ ಅಷ್ಟು ಉದ್ದದ ವಾಕ್ಯಗಳನ್ನು ಪದ್ಯದಲ್ಲಿ ಕಟ್ಟಲು ಸಾಧ್ಯವಾಯಿತು.

ಕುಮಾರವ್ಯಾಸನ ಗದುಗಿನ ಭಾರತದಲ್ಲಿ ಇದು ಇನ್ನೂ ಸೊಗಸಾಗಿ ಕೇಳುತ್ತದೆ:

ಅರಸುಗಳಿಗಿದು ವೀರ ದ್ವಿಜರಿಗೆ
ಪರಮ ವೇದದ ಸಾರ ಯೋಗೀ
ಶ್ವರರ ತತ್ವವಿಚಾರ ಮಂತ್ರೀಜನಕೆ ಬುದ್ಧಿಗುಣ
ವಿರಹಿಗಳ ಶೃಂಗಾರ ವಿದ್ಯಾ
ಪರಿಣಿತರಲಂಕಾರ ಕಾವ್ಯಕೆ
ಗುರುವೆನಲು ರಚಿಸಿದ ಕುಮಾರವ್ಯಾಸ ಭಾರತವ

ಆರು ಸಾಲಿಗೂ ಸಿಂಹಪ್ರಾಸ, ರಕಾರ. ಅಷ್ಟಕ್ಕೇ ನಿಲ್ಲದೆ ವೀರ, ಸಾರ, ವಿಚಾರ, ಶೃಂಗಾರ, ಅಲಂಕಾರ ಎಂದು ಸಾಲುಗಳ ಒಳಗೆ ಇನ್ನೊಂದು ಪ್ರಾಸ ಓಡುತ್ತದೆ. ಸಾಲಿನ ಆರಂಭವನ್ನು ತಿಳಿಸುವುದು ಮೊದಲನೆಯದರ ಕೆಲಸ. ಒಳಗಿನದರ ಕೆಲಸ ಬೇರೆ: ಅರಸರು, ದ್ವಿಜರು, ಯೋಗಿಗಳು, ವಿರಹಿಗಳು, ಪಂಡಿತರು ಹೀಗೆ ಬೇರೆ ಬೇರೆ ಜನಕ್ಕೆ ಈ ಕಾವ್ಯ ಏನೇನಾಗುತ್ತದೆ ಎಂಬುದನ್ನು ಒಂದೇ ದನಿಯಲ್ಲಿ ಮುಗಿಸಿ, ಕೇಳುವವರೆಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸುವುದು. ಮಂತ್ರಿಗಳ ‘ಬುದ್ಧಿಗುಣ’ ಮಾತ್ರ ಆ ಒಳಪ್ರಾಸದಿಂದ ಹೊರಗುಳಿದಿದೆ. ಅದು ಬಿದ್ದಿರುವುದು ಮೂರನೆಯ ಸಾಲಿನ ಕೊನೆಗೆ, ಭಾಮಿನಿಯಲ್ಲಿ ಉಸಿರು ನಿಲ್ಲುವ ಜಾಗದಲ್ಲಿ. ಅಲ್ಲಿ ಓಟ ಒಮ್ಮೆ ತಡೆದು ಮತ್ತೆ ‘ವಿರಹಿಗಳ’ ಎಂದು ಏಳುತ್ತದೆ.

ಪ್ರಾಸ ಹೊರೆಯಾಗಿದ್ದೂ ನಿಜ. ನಿಯಮಕ್ಕಾಗಿ ಅಕ್ಷರ ಹುಡುಕುವ ಕವಿಗಳು ಹೆಚ್ಚಾದಾಗ, ಬೇಕಾದ ಪದ ಬಿಟ್ಟು ಪ್ರಾಸಕ್ಕೆ ಒಗ್ಗುವ ಪದ ಬರತೊಡಗುತ್ತದೆ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಪ್ರಾಸವನ್ನು ಬಿಟ್ಟು ಬರೆದದ್ದು ಆ ಕಾಲಕ್ಕೆ ದೊಡ್ಡ ಎದೆಗಾರಿಕೆಯ ಕೆಲಸ. ಅದಕ್ಕೆ ಎದುರಾದ ವಿರೋಧವೂ ಸಣ್ಣದಲ್ಲ. ಅವರು ಬಿಟ್ಟದ್ದು ಆದಿಪ್ರಾಸದ ಕಡ್ಡಾಯವನ್ನು, ಮಾತ್ರಾಲಯವನ್ನಲ್ಲ. ಅಷ್ಟು ಹೊತ್ತಿಗೆ ಕವಿತೆ ಅಚ್ಚಾಗಿ, ಸಾಲು ಒಡೆದು, ಕಣ್ಣಿನ ಮುಂದೆ ಬರತೊಡಗಿತ್ತು. ಸಾಲಿನ ಆರಂಭವನ್ನು ಕಿವಿಗೆ ತಿಳಿಸಬೇಕಾದ ಅಗತ್ಯ ಕಡಿಮೆಯಾಗಿತ್ತು ಎಂಬುದನ್ನೂ ಇಲ್ಲಿ ಸೇರಿಸಿ ನೋಡಬೇಕು ಎಂದು ನನಗೆ ತೋರುತ್ತದೆ.

ತರಗತಿಗೆ ಒಂದು ಸಲಹೆ ಇದೆ, ಮೇಷ್ಟ್ರು ಒಪ್ಪಿದರೆ ಮಾಡಿ ನೋಡಬಹುದು. ‘ಅರಸುಗಳಿಗಿದು’ ಪದ್ಯವನ್ನು ಸಾಲು ಒಡೆಯದೆ, ಪದಗಳ ನಡುವೆ ಮಾತ್ರ ಜಾಗ ಬಿಟ್ಟು, ಕರಿಹಲಗೆಯ ಮೇಲೆ ಒಂದೇ ಸಮನೆ ಬರೆಯಿರಿ. ಮಕ್ಕಳಿಗೆ ಭಾಮಿನಿಯ ಲಕ್ಷಣ ಹೇಳಬೇಡಿ. ಯಾರಾದರೊಬ್ಬರು ಮೂರು, ನಾಲ್ಕು ಮಾತ್ರೆಯ ನಡೆಯಲ್ಲಿ ಕೈತಟ್ಟುತ್ತ ಓದಲಿ, ಉಳಿದವರು ಹೊಸ ಸಾಲು ಎಲ್ಲಿ ಬಂತೆಂದು ಅನಿಸಿದಲ್ಲಿ ಕೈ ಎತ್ತಲಿ. ‘ಶ್ವರರ’ ಎಂಬಲ್ಲಿ, ಅಂದರೆ ಪದದ ಹೊಟ್ಟೆಯಲ್ಲಿ, ಎಷ್ಟು ಕೈಗಳು ಏಳುತ್ತವೆ ಎಂದು ನೋಡಿ ಇಲ್ಲಿ ಬರೆಯಿರಿ. ಅದಾದ ಮೇಲೆ ಲಕ್ಷಣಪದ್ಯವನ್ನೂ, ಪ್ರಾಸಗಳ ಹೆಸರುಗಳನ್ನೂ ಹೇಳಿಕೊಟ್ಟರೆ ಸಾಕು.